ಎಡಕ್ಕೆ ಹೊಸೆದ ಹಗ್ಗ

ಸೌದಿಯ ಜುಬೈಲಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಫ್ರಿಜ್ಜಿನ ಮೇಲ್ಗಡೆ ಗೋಡೆಗೆ ಬಡಿದ ಒಂದು ಆಣಿಯಲ್ಲಿ, ಮೊಳದುದ್ದದ ಬೈಹುಲ್ಲಿನ ಹಗ್ಗವೊಂದು ನೇತಾಡುತ್ತಿರುತ್ತದೆ. ಮನೆಗೆ ಮೊದಲ ಸಲ ಬಂದವರು "ಇದೆಂತದು ವಾಲಿ?" ಎಂದು ಕೇಳುತ್ತಾರೆ. ಕೇಳದಿದ್ದರೆ ಕೇಳುವ ಹಾಗೆ ನಾನೇ ಮಾಡುತ್ತೇನೆ. ನೀರು ಬೇಕಾ ಎಂದು ವಿಚಾರಿಸಿ, ಉತ್ತರಕ್ಕೂ ಕಾಯದೆ ಅಡುಗೆಕೋಣೆಗೇ ಕರೆದುಕೊಂಡು ಹೋಗಿ, ಫ್ರಿಜ್ಜಿನ ಬಾಗಿಲು ತೆರೆದು ಎರಡು ನಿಮಿಷ ಸುಮ್ಮನೆ ನಿಂತರೆ ಎಂಥ ಅರಸಿಕನಾದರೂ ಒಮ್ಮೆ ತಲೆ ಎತ್ತಿ ನೋಡಲೇಬೇಕು. ನೋಡಿದನೋ, ಮುಗಿಯಿತು. ಅರ್ಧ ಗಂಟೆ ಅವನು ನನ್ನವನು.

"ಇದು ಮಾಮೂಲಿ ಹಗ್ಗ ಅಲ್ಲ. ಜಪಾನಿನ ಒಂದು ಹಳ್ಳಿಯ ಶಿಂತೋ ಗುಡಿಯಿಂದ ಬಂದದ್ದು. ಇದರ ಹುರಿ ನೋಡಿ, ಎಡಕ್ಕೆ ಉಂಟು. ಲೋಕದ ಹಗ್ಗವೆಲ್ಲ ಬಲಕ್ಕಾದರೆ ದೇವರ ಹಗ್ಗ ಎಡಕ್ಕೆ. ಇದನ್ನು ಹೊಸೆದವನು ಯಾರು ಅಂತ ತಿಳಿದಿದ್ದೀರಿ?" ಎಂದು ನಾನು ಶುರು ಮಾಡುತ್ತೇನೆ. ಹೊಸೆದವನು ಯಾರೆಂದು ಬಂದವರಿಗೆ ಆಗಲೇ ಗೊತ್ತಾಗಿರುತ್ತದೆ. ಆದರೂ ಸಭ್ಯರು, ಕೇಳುತ್ತಾರೆ.

ನನ್ನ ಹೆಂಡತಿ ಐರಿನ್ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಧೂಳಿನ ಮೇಲೆ ಆಕೆಗೆ ವೈಯಕ್ತಿಕ ದ್ವೇಷವಿದೆ. ಹಗ್ಗ ಮನೆಗೆ ಬಂದ ಮೊದಲ ಎರಡು ವರ್ಷ "ನಿಮ್ಮ ಆ ಕಸಬರಿಕೆ ತುಂಡನ್ನು ತೆಗೀತೀರೋ ಇಲ್ವೋ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಎರಡು ವರ್ಷಗಳಿಂದ ಆ ಮಾತೇ ಇಲ್ಲ. ನಾನು ಅದನ್ನು ಗೆಲುವೆಂದೇ ಲೆಕ್ಕ ಹಾಕಿಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ವಿಷಯದಲ್ಲಾದರೂ ನನ್ನ ಹಟ ನಡೆಯಿತಲ್ಲ ಎಂಬ ಸಮಾಧಾನ ನನ್ನದು. ಇನ್ನು ನನ್ನ ಸಹೋದ್ಯೋಗಿ ಹಮೀದಾಕ. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಐದು ವರ್ಷ ದೊಡ್ಡವರು, ಪಕ್ಕದ ಕಟ್ಟಡದಲ್ಲೇ ಮನೆ. ನಾನು ಹಗ್ಗದ ಭಾಷಣ ಆರಂಭಿಸಿದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಏಸಿಯ ತಂಡಿ ಇರಬೇಕು ಎಂದುಕೊಂಡಿದ್ದೆ.

ಒಂದು ವಿಷಯ ಮಾತ್ರ ನಾನು ಬಂದವರಿಗೆ ಹೇಳುತ್ತಿರಲಿಲ್ಲ. ಆ ಹಗ್ಗ ನನಗೆ ಕೊಟ್ಟದ್ದಲ್ಲ, ಒಂದು ವರ್ಷದ ಮಟ್ಟಿಗೆ ಒಪ್ಪಿಸಿದ್ದು. ವರ್ಷ ಕಳೆದ ಮೇಲೆ ಅದನ್ನು ಅದೇ ಗುಡಿಗೆ ಹಿಂದಕ್ಕೆ ತರಬೇಕು, ಅಲ್ಲಿ ಹಳೆಯ ಹಗ್ಗಗಳ ಜೊತೆ ಬೆಂಕಿಗೆ ಹಾಕಿ ಹೊಸದನ್ನು ಹೊಸೆಯಬೇಕು. ಅದು ಅಲ್ಲಿನ ಕ್ರಮ. ನಾನು ತರುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ನಾಲ್ಕು ವರ್ಷವಾಯಿತು.

ಹಗ್ಗದ ಕತೆಗೆ ಮೊದಲು ನನ್ನ ಎಡಗೈಯ ಕತೆ ಹೇಳಬೇಕು. ನಾನು ಹುಟ್ಟಾ ಎಡಚ. ನಮ್ಮ ಊರು ಶಂಕರಪುರದ ಹತ್ತಿರ. ಅಲ್ಲಿ ನಮ್ಮ ಕೊಂಕಣಿ ಮನೆಗಳ ಅಂಗಳದಲ್ಲೆಲ್ಲ ಮಲ್ಲಿಗೆ ಗಿಡ. ಬೆಳಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವವರ ಕಟ್ಟೆಗೆ ಮುಟ್ಟಿಸಿದ ಮೇಲೆಯೇ ಶಾಲೆ. ನನ್ನ ಅಜ್ಜಿ ಕಟ್ಟಿದ ಮಲ್ಲಿಗೆ ಚೆಂಡು ಅಳತೆಗೆ ಹಿಡಿದ ಹಾಗೆ ಇರುತ್ತಿತ್ತು. ನಾನು ಕಟ್ಟಿದ್ದು ಮಾತ್ರ ಉಳಿದವರದ್ದಕ್ಕಿಂತ ತಿರುವುಮುರುವಾಗಿ ಗಂಟು ಬೀಳುತ್ತಿತ್ತು. ಅಜ್ಜಿ ಎಷ್ಟೋ ಮಾಲೆಗಳ ನಡುವೆ ನನ್ನದನ್ನು ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕಿ ತೆಗೆದು, "ಇದು ಆ ಎಡಚನದ್ದು" ಎಂದು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಬಿಚ್ಚುವಾಗ ಬೈಗುಳ ಬೇರೆ ಇರುತ್ತಿತ್ತು. ಅಂಗಡಿಯಲ್ಲಿ ಎಡಗೈ ಚಾಚಿದರೆ ಅಂಗಡಿಯವರು ಸಾಮಾನು ಕೊಡುತ್ತಿರಲಿಲ್ಲ. ಇಗರ್ಜಿಯಲ್ಲಿ ಶಿಲುಬೆಯ ಗುರುತು ಎಡಗೈಯಲ್ಲಿ ಹಾಕಿಕೊಂಡೆನೆಂದು ಧರ್ಮೋಪದೇಶದ ಟೀಚರು ಇಡೀ ತರಗತಿಯ ಎದುರು ನನ್ನಿಂದ ಇಪ್ಪತ್ತು ಸಲ ಬಲಗೈಯಲ್ಲಿ ಹಾಕಿಸಿದ್ದರು. ದೇವರಿಗೆ ಅಷ್ಟು ಸಲ ಒಟ್ಟಿಗೆ ನನ್ನ ನೆನಪಾಗಿದ್ದು ಅದೊಂದೇ ದಿನವಿರಬೇಕು.

ಊರು ಬಿಟ್ಟು ಸೌದಿಗೆ ಬಂದರೆ ಇಲ್ಲೂ ಅದೇ ಕಾಯಿದೆ. ನಮ್ಮ ವಿಭಾಗದ ಮೇಲಧಿಕಾರಿ ಅಬೂ ಫಹದ್ ಬಹಳ ಒಳ್ಳೆಯ ಮನುಷ್ಯ. ಊರಿಗೆ ಹೋಗಿ ಬಂದಾಗ ತಾಯಿ ಹೇಗಿದ್ದಾರೆ, ಮಳೆ ಹೇಗಿದೆ ಎಂದು ಕೇಳುತ್ತಾರೆ. ಆದರೆ ನಾನು ಮರೆತು ಎಡಗೈಯಲ್ಲಿ ಒಂದು ಕಾಗದ ಚಾಚಿದರೂ ಸಾಕು, ಅವರ ಕೈ ಮೇಜಿನ ಮೇಲೆಯೇ ಉಳಿಯುತ್ತದೆ. "ಯಮೀನ್, ಯಾ ವಾಲಿ, ಯಮೀನ್" ಎನ್ನುತ್ತಾರೆ. ಯಮೀನ್ ಎಂದರೆ ಬಲಗೈ. ನಾನು ಇಲ್ಲಿ ಕಲಿತ ಮೊದಲ ಅರಬಿ ಶಬ್ದ ಅದು. ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ, ಕೈ ಮಾತ್ರ ಕಲಿತಿಲ್ಲ.

ಇಂಥ ನಾನು ಮತ್ತು ಹಮೀದಾಕ ಕೆಲಸ ಮಾಡುವುದು ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ. ಬಕೆಟ್ಟು, ಚೀಲ ಮಾಡುವ ಕಾರ್ಖಾನೆಯಲ್ಲ. ಅದಕ್ಕೆಲ್ಲ ಮೂಲವಾದ ಬಿಳಿ ಕಾಳು ತಯಾರಾಗುವುದು ನಮ್ಮಲ್ಲಿ. ಬೆಳ್ತಿಗೆ ಅಕ್ಕಿಯಷ್ಟೇ ಗಾತ್ರ, ಅಷ್ಟೇ ಬಿಳುಪು. ನಾವಿಬ್ಬರೂ ಅಲ್ಲಿನ ಕಂಪ್ರೆಸರುಗಳ ಚಾಕರಿಯವರು. ನಾಲ್ಕು ವರ್ಷದ ಹಿಂದೆ ಹೊಸ ಕಂಪ್ರೆಸರೊಂದು ಜಪಾನಿನಿಂದ ಬಂತು. ಅದನ್ನು ಜೋಡಿಸಲು ಮೊರಿತಾ ಎಂಬ ಇಂಜಿನಿಯರೂ ಬಂದರು. ಅವರು ಆರು ತಿಂಗಳು ನಮ್ಮ ಜೊತೆ ಇದ್ದು, ಬಿಸಿಲಿಗೆ ಸುಟ್ಟು, ಹೊರಡುವಷ್ಟರಲ್ಲಿ ನಡಿ ಎನ್ನುವ "ಯಲ್ಲಾ", ತೊಂದರೆ ಎನ್ನುವ "ಮುಶ್ಕಿಲಾ" ಎಂಬ ಎರಡು ಅರಬಿ ಶಬ್ದಗಳನ್ನೂ "ಎಂತ ಮಾರಾಯ" ಎಂಬ ನಮ್ಮ ಮಾತನ್ನೂ ಕಲಿತಿದ್ದರು. ಮೂರನೆಯದನ್ನು ಎಲ್ಲಿ ಬೇಕಾದರೂ ಬಳಸಬಹುದು ಎಂಬುದನ್ನು ಅವರು ಒಂದೇ ವಾರದಲ್ಲಿ ಕಂಡುಕೊಂಡರು. ಆ ಕಂಪ್ರೆಸರಿನ ಪಾಠ ಕಲಿಯಲು ಕಂಪನಿ ನಮ್ಮಿಬ್ಬರನ್ನು ಮೂರು ವಾರ ಜಪಾನಿಗೆ ಕಳಿಸಿತು. ಅದು ನವೆಂಬರ್ ತಿಂಗಳ ಕೊನೆ.

ಒಂದು ಭಾನುವಾರ ಮೊರಿತಾ ನಮ್ಮನ್ನು ತಮ್ಮ ಹೆಂಡತಿಯ ಊರಿಗೆ ಕರೆದುಕೊಂಡು ಹೋದರು. ಕೊಯ್ಲು ಮುಗಿದ ಗದ್ದೆ, ಗದ್ದೆಯ ಅಂಚಿನಲ್ಲಿ ಗುಡ್ಡ, ಗುಡ್ಡದ ಬುಡದಲ್ಲಿ ಆ ಗುಡಿ. ಮೊರಿತಾನ ಮಾವ ಎಂಬತ್ತರ ಮುದುಕರು, ಗುಡಿಯ ಉಸ್ತುವಾರಿ ಅವರದ್ದೇ. ಅವರ ಹೆಸರು ನಮ್ಮ ನಾಲಗೆಗೆ ಒಗ್ಗಲಿಲ್ಲ. ಹಮೀದಾಕ ಮೊದಲ ನೋಟಕ್ಕೇ ಅವರನ್ನು ನಮ್ಮೂರ ತುಳುವಿನಲ್ಲಿ "ಅಜ್ಜೇರ್" ಎಂದುಬಿಟ್ಟರು. ಅದೇ ಗಟ್ಟಿಯಾಯಿತು.

ಮೊದಲು ಸಿಗುವುದು ಎರಡು ಕಂಬ, ಮೇಲೆ ಎರಡು ಅಡ್ಡಮರ. ಬಾಗಿಲೇ ಇಲ್ಲದ ಹೆಬ್ಬಾಗಿಲು. ಅದರ ನಡುವಿನಿಂದ ನಡೆಯಬಾರದು, ನಡುದಾರಿ ದೇವರದ್ದು, ನಾವು ಬದಿಯಿಂದ ಹೋಗಬೇಕು ಎಂದರು ಮೊರಿತಾ. ಒಳಗೆ ಎರಡು ಕಲ್ಲಿನ ನಾಯಿಗಳು ಎದುರುಬದುರು ಕೂತಿದ್ದವು. ಒಂದರ ಬಾಯಿ ತೆರೆದಿದೆ, ಇನ್ನೊಂದರದು ಮುಚ್ಚಿದೆ. "ಇದು ನೀನು, ಅದು ನಾನು" ಎಂದರು ಹಮೀದಾಕ. ಯಾವುದು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಪಕ್ಕದಲ್ಲಿ ಮೊಟ್ಟೆಯಾಕಾರದ ದೊಡ್ಡ ಗುಂಡುಕಲ್ಲೊಂದಿತ್ತು. ಹಿಂದಿನ ಕಾಲದಲ್ಲಿ ಊರಿನ ಯುವಕರು ಅದನ್ನು ಎತ್ತಿ ತೋರಿಸಿದರೆ ಮಾತ್ರ ಗಂಡಸರ ಲೆಕ್ಕಕ್ಕೆ ಸೇರುತ್ತಿದ್ದರಂತೆ. ನಾನು ಒಂದು ಕೈ ನೋಡಿದೆ. ಕಲ್ಲು ಅಲುಗಲಿಲ್ಲ, ಸೊಂಟ ಅಲುಗಿತು. ಆಮೇಲೆ ಇಡೀ ಗುಡಿಯನ್ನು ನಾನು ಕೊಂಚ ಬಾಗಿಕೊಂಡೇ ನೋಡಿದೆ. ಅದನ್ನು ಭಕ್ತಿಯೆಂದು ತಿಳಿದ ಅಜ್ಜೇರ್ ತಾವೂ ಬಾಗಿದರು.

ಒಳಗೆ ಹೋಗುವ ಮೊದಲು ಕೈ ತೊಳೆಯುವ ಜಾಗ. ಚಿಕ್ಕ ಮಾಡಿನ ಕೆಳಗೆ ಕಲ್ಲಿನ ಮರಿಗೆ, ಅದಕ್ಕೆ ಬಿದಿರ ಕೊಳವೆಯಿಂದ ಗುಡ್ಡದ ನೀರು, ಮೇಲೆ ಸಾಲಾಗಿ ಬಿದಿರಿನ ಸೌಟುಗಳು. ಮೊರಿತಾ ಫೋನಿನಲ್ಲಿ ಮಾತಾಡುತ್ತ ಹಿಂದೆ ಉಳಿದಿದ್ದರು. ನಮಗೆ ಹೇಳಿಕೊಡುವವರಿರಲಿಲ್ಲ, ಆದರೆ ಹೇಳಿಕೊಡಬೇಕೆಂದು ನಮಗೆ ಅನಿಸಲೂ ಇಲ್ಲ. ದೇವಸ್ಥಾನದ ಬಾಗಿಲಲ್ಲಿ ನೀರಿದ್ದರೆ ಏನು ಮಾಡಬೇಕೆಂದು ಇಬ್ಬರಿಗೂ ಚಿಕ್ಕಂದಿನಿಂದ ಗೊತ್ತು. ನಾನು ಮರಿಗೆಯಲ್ಲಿ ಬೆರಳದ್ದಿ ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಹಾಕಿಕೊಂಡೆ. ಹಮೀದಾಕ ಗಡಿಯಾರ ನೋಡಿದರು. ಮಧ್ಯಾಹ್ನದ ನಮಾಜಿನ ಹೊತ್ತು. ಸರಿ, ಶರಟಿನ ತೋಳು ಮೇಲೇರಿತು. ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮೂಗಿಗೆ ನೀರು ಎಳೆದು ಹೊರಬಿಟ್ಟರು, ಮುಖ, ಮೊಣಕೈವರೆಗೆ ತೋಳು, ತಲೆ, ಕಿವಿ ಎಲ್ಲ ಆಯಿತು. ಆಮೇಲೆ ಬೂಟು ಕಳಚಿ, ಕಾಲುಚೀಲ ಕಳಚಿ, ಒಂಟಿಕಾಲಿನಲ್ಲಿ ನಿಂತು, ಆ ಥಂಡಿಯಲ್ಲಿ ದೇವರ ಸೌಟಿನಿಂದ ಕಾಲಿಗೂ ನೀರು ಹೊಯ್ದುಕೊಂಡರು.

ತಲೆ ಎತ್ತಿ ನೋಡಿದರೆ ಅಜ್ಜೇರ್ ಎದುರಿಗೇ ನಿಂತಿದ್ದಾರೆ. ಓಡಿಬಂದ ಮೊರಿತಾನ ಮುಖ ಬಿಳುಚಿಕೊಂಡಿತ್ತು. ಅಲ್ಲಿ ಮೊದಲು ಎಡಗೈ, ಆಮೇಲೆ ಬಲಗೈ, ಬಾಯಿ ಇಷ್ಟು ತೊಳೆದರೆ ಸಾಕಂತೆ. ಅದೂ ನೀರನ್ನು ಬದಿಯಲ್ಲಿ ಚೆಲ್ಲಬೇಕು, ಮರಿಗೆಗೆ ಬೆರಳು ಹಾಕಲೇಬಾರದು. ಅಂದರೆ ಹಮೀದಾಕ ಮಾಡಿದ್ದು ಹೆಚ್ಚಾಯಿತು, ನಾನು ಮಾಡಿದ್ದೇ ತಪ್ಪು. ಅಜ್ಜೇರ್ ತಿರುಗಿ ಒಳಗೆ ಹೋದರು. ನಮ್ಮನ್ನು ಅಟ್ಟಲು ದೊಣ್ಣೆ ತರುತ್ತಾರೋ ಎಂದು ನನಗೆ ಭಯ. ಅವರು ತಂದದ್ದು ಕೈಕಾಲು ಒರೆಸಿಕೊಳ್ಳಲು ಒಂದು ಬೈರಾಸು.

"ಇಷ್ಟು ಶ್ರದ್ಧೆಯಿಂದ ತೊಳೆದುಕೊಂಡವರನ್ನು ನಾನು ಈಚೆಗೆ ನೋಡಿಲ್ಲ ಅಂತ ಮಾವ ಹೇಳ್ತಿದ್ದಾರೆ. ಈ ಊರಿನವರು ಬೆರಳ ತುದಿ ಒದ್ದೆ ಮಾಡಿ ಓಡ್ತಾರಂತೆ" ಎಂದು ಮೊರಿತಾ ಇಂಗ್ಲಿಷಿಗೆ ಅನುವಾದ ಮಾಡಿದರು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಆದರೆ ನಾನು ಅಲ್ಲಿ ಗಮನಿಸಿದ್ದು ಬೇರೆಯೇ. ಎಡಗೈ ಮೊದಲು! ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ದೇವರ ಬಾಗಿಲಲ್ಲಿ ಎಡಗೈಗೆ ಮೊದಲ ಮರ್ಯಾದೆ ಸಿಕ್ಕಿತ್ತು.

ಅಲ್ಲಿನವರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಬಾಗಿ ಪ್ರಾರ್ಥಿಸುತ್ತಾರೆ. ನಾವಿಬ್ಬರೂ ಅತಿಥಿಗಳ ಹಾಗೆ ಒಂದು ಬದಿಯಲ್ಲಿ ಸುಮ್ಮನೆ ನಿಂತೆವು. ಅಜ್ಜೇರ್ ಒತ್ತಾಯ ಮಾಡಲಿಲ್ಲ. ಹಮೀದಾಕನಿಗೆ ನಮಾಜಿಗೆ ಶುದ್ಧ ಜಾಗ ಬೇಕೆಂದು ಗೊತ್ತಾದಾಗ ಗುಡಿಯ ಹಿಂದಿನ ಕೊಟ್ಟಿಗೆಯಲ್ಲಿ ತಾವೇ ಹೊಸ ಚಾಪೆ ಹಾಸಿ ಕೊಟ್ಟು, ಅದು ಮುಗಿಯುವವರೆಗೆ ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತರು.

ಆ ಕೊಟ್ಟಿಗೆಯ ತುಂಬ ಬೈಹುಲ್ಲು. ವರ್ಷದ ಕೊನೆಗೆ ಗುಡಿಯ ಎದುರು ತೋಳಿನಷ್ಟು ದಪ್ಪದ ಹೊಸ ಹುಲ್ಲಿನ ಹಗ್ಗ ಕಟ್ಟಬೇಕು. ಒಳಗಿರುವುದು ದೇವರ ಜಾಗ ಎಂಬುದಕ್ಕೆ ಅದೇ ಗುರುತು. ಮೂರು ಎಳೆಯ ಹಗ್ಗ, ಎಳೆಗೊಬ್ಬರಂತೆ ಮೂವರು ಬೇಕು. ಊರಿನಲ್ಲಿ ಅದನ್ನು ಬಲ್ಲವರು ಉಳಿದದ್ದೇ ಮೂವರು. ಅಜ್ಜೇರ್ ಮತ್ತು ನೆರೆಮನೆಯ ಗಂಡ-ಹೆಂಡತಿ. ಆ ಗಂಡ ಹಿಂದಿನ ವಾರವಷ್ಟೇ ಹಣ್ಣಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹೆಂಡತಿ ಆಸ್ಪತ್ರೆಯಲ್ಲಿ ಅವನ ಬಳಿ. ಊರಿನ ಸಮಿತಿಯವರು ಆ ಹೊತ್ತಿಗಾಗಿಯೇ ಕಾಯುತ್ತಿದ್ದರು. ಹೊನ್ನಿನ ಬಣ್ಣದ ಪ್ಲಾಸ್ಟಿಕ್ ಹಗ್ಗ ಬಂದಿದೆ, ಹತ್ತು ವರ್ಷ ಬಾಳುತ್ತದೆ, ಇಲಿ ಕಡಿಯುವುದಿಲ್ಲ, ಅದನ್ನೇ ತರಿಸೋಣ ಎಂದು ಅವರ ವಾದ. ಪ್ಲಾಸ್ಟಿಕ್ ಹಗ್ಗ ಒಮ್ಮೆ ಮೇಲೇರಿದರೆ ಹತ್ತು ವರ್ಷ ಯಾರೂ ಹುಲ್ಲು ಮುಟ್ಟುವುದಿಲ್ಲ, ಆಮೇಲೆ ಮುಟ್ಟಲು ಬಲ್ಲವರೇ ಇರುವುದಿಲ್ಲ ಎಂದು ಅಜ್ಜೇರ್ ಹೇಳಿದರು.

"ಅಂದ ಹಾಗೆ ಇವರು ನಿನ್ನ ಜೊತೆ ಅಲ್ಲಿ ಏನು ತಯಾರಿಸುತ್ತಾರೆ?" ಎಂದು ಅಳಿಯನನ್ನು ಕೇಳಿದರಂತೆ. ಮೊರಿತಾ ಪ್ರಾಮಾಣಿಕ ಮನುಷ್ಯ. ನಮ್ಮ ಬಿಳಿ ಕಾಳಿನಿಂದಲೇ ಅಂಥ ಹಗ್ಗ ಎಳೆಯುತ್ತಾರೆ ಎಂದು ಹೇಳಿಯೇಬಿಟ್ಟರು. ಅಜ್ಜೇರ್ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಸೊಂಟದವರೆಗೆ ಬಾಗಿ ನಮಸ್ಕರಿಸಿದರು. "ನನ್ನ ಶತ್ರುಗಳು ಇಷ್ಟು ದೂರದಿಂದ ಬಂದಿದ್ದಾರೆ, ಚಹಾ ಕೊಡಬೇಕು" ಎಂದರಂತೆ.

ಹಮೀದಾಕನಿಗೆ ಅದು ಚುಚ್ಚಿತು. ಅವರ ತಂದೆ ಬೈಹುಲ್ಲಿನಲ್ಲಿ ಅಕ್ಕಿ ತುಂಬಿಸಿ, ಹುಲ್ಲಿನ ಹಗ್ಗದಿಂದ ಬಿಗಿದು ಕಲ್ಲಿನ ಗುಂಡಿನಂಥ ಮುಡಿ ಕಟ್ಟುವುದರಲ್ಲಿ ಊರಿಗೇ ಹೆಸರಾದವರು. "ಅಜ್ಜೇರಿಗೆ ಹೇಳಿ ಮೊರಿತಾ ಸಾನ್. ಹುಲ್ಲು ಹೊಸೆಯುವುದು ನಮಗೆ ಹುಟ್ಟಿದಲ್ಲಿಂದ ಗೊತ್ತುಂಟು. ನಾವಿಬ್ಬರು ಕೂತ್ಕೊಳ್ತೇವೆ" ಎಂದರು. ಮೊರಿತಾನನ್ನು ಕೂರಿಸುವ ಹಾಗಿರಲಿಲ್ಲ. ಕೂದಲೆಳೆಯಷ್ಟು ತಪ್ಪಿಲ್ಲದೆ ಯಂತ್ರ ಜೋಡಿಸುವ ಆ ಮನುಷ್ಯ ಹುಲ್ಲಿನ ಧೂಳಿಗೆ ಲೆಕ್ಕವಿಲ್ಲದಷ್ಟು ಸೀನುತ್ತಿದ್ದರು. ಅಜ್ಜೇರ್ ಹುಲ್ಲನ್ನು ಕೊಡತಿಯಿಂದ ಬಡಿದು, ನೀರು ಚಿಮುಕಿಸಿ, ನಮಗೆ ಒಂದು ಸಲ ಹೊಸೆದು ತೋರಿಸಿ, ಚಹಾಕ್ಕೆಂದು ಅಳಿಯನೊಡನೆ ಮನೆಗೆ ಹೋದರು.

ನಾನು ಒಂದು ಹಿಡಿ ಹುಲ್ಲು ತೆಗೆದುಕೊಂಡು ಮೊಳದುದ್ದ ಹೊಸೆದಿರಬೇಕು. ಹಮೀದಾಕ ಕಸಿದುಕೊಂಡರು.

"ಎಂತ ಮಾರಾಯ ಇದು? ಉಲ್ಟಾ ಹೊಸೆದಿದ್ದಿಯಲ್ಲ! ನಿನ್ನ ಎಡಗೈ ಬುದ್ಧಿಯನ್ನು ಇಲ್ಲಿಗೂ ತಂದಿಯಾ?"

"ಅಜ್ಜೇರ್ ಹೀಗೇ ಮಾಡಿದ ಹಾಗೆ ಕಂಡಿತು" ಎಂದೆ.

"ಅವರು ನಮ್ಮ ಎದುರು ಕೂತದ್ದು. ಎದುರಿನಿಂದ ನೋಡಿದ್ರೆ ಉಲ್ಟಾ ಕಾಣ್ತದೆ. ಅಷ್ಟೂ ತಿಳಿಯುದಿಲ್ವಾ? ನಾನು ಮಾಡಿದ ಹಾಗೆ ಮಾಡು."

ನನ್ನ ತುಂಡನ್ನು ಮೂಲೆಗೆ ಬಿಸಾಡಿದರು. ಚಿಕ್ಕಂದಿನಿಂದ ನನ್ನದನ್ನು ಯಾರಾದರೂ ಬಿಚ್ಚುತ್ತಲೋ ಬಿಸಾಡುತ್ತಲೋ ಬಂದವರೇ. ಅಭ್ಯಾಸವಾಗಿದೆ. ಬಲಗೈಯನ್ನು ಮುಂದೆ ಮಾಡಿ, ಅವರ ಹಾಗೆಯೇ, ಕಷ್ಟಪಟ್ಟು ಹೊಸೆಯತೊಡಗಿದೆ. ಎರಡು ಗಂಟೆಯಲ್ಲಿ ಎರಡು ಎಳೆ ಮಾರುಗಟ್ಟಲೆ ಉದ್ದವಾದವು. ಹಮೀದಾಕನ ಹುರಿಯಂತೂ ನಿಜವಾಗಿಯೂ ಚಂದ. ಅವರ ತಂದೆ ನೋಡಬೇಕಿತ್ತು.

ಅಜ್ಜೇರ್ ಬಂದರು. ಎಳೆಯನ್ನು ಕೈಗೆತ್ತಿಕೊಂಡು ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ಕೂತುಕೊಂಡು ಒಂದು ತುದಿಯಿಂದ ಬಿಚ್ಚತೊಡಗಿದರು. ನನಗೆ ಥಟ್ಟನೆ ನನ್ನ ಅಜ್ಜಿಯ ನೆನಪಾಯಿತು. ಮೊರಿತಾ ಸೀನುಗಳ ನಡುವೆ ಅರ್ಥ ಬಿಡಿಸಿ ಹೇಳಿದರು. ಮೂಟೆ ಕಟ್ಟುವ ಹಗ್ಗ, ಎತ್ತು ಕಟ್ಟುವ ಹಗ್ಗ ಬಲಕ್ಕೆ. ದೇವರ ಹಗ್ಗ ಮಾತ್ರ ಎಡಕ್ಕೆ. ಇದು ನಿತ್ಯದ ಕೆಲಸದ ಹಗ್ಗವಲ್ಲ ಎಂದು ನೋಡಿದೊಡನೆ ತಿಳಿಯಬೇಕಲ್ಲ. ಬಿಚ್ಚಿದ ಹುಲ್ಲು ಮುರಿದಿತ್ತು, ಸಂಜೆಯೊಳಗೆ ಹೊಸದಾಗಿ ಆಗಬೇಕಿತ್ತು, ಮರುದಿನ ಸಮಿತಿಯವರು ಬರುವವರಿದ್ದರು. ಹಮೀದಾಕ ನೆಲ ನೋಡುತ್ತಿದ್ದರು.

ಅಷ್ಟರಲ್ಲಿ ಅಜ್ಜೇರಿನ ಕಣ್ಣಿಗೆ ಮೂಲೆಯಲ್ಲಿ ಬಿದ್ದಿದ್ದ ತುಂಡು ಕಂಡಿತು. ಎತ್ತಿಕೊಂಡು ಬೆಳಕಿಗೆ ಹಿಡಿದು ಏನೋ ಕೇಳಿದರು. ಅನುವಾದ ಬೇಕಾಗಲಿಲ್ಲ. ಹಮೀದಾಕ ನನ್ನತ್ತ ಬೆರಳು ಮಾಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅಜ್ಜೇರ್ ಬಳಿಗೆ ಬಂದು ನನ್ನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಹಸ್ತ ಮಗುಚಿ, ಬೆರಳು ಬೆರಳಾಗಿ ನೋಡಿದರು. ಆಮೇಲೆ ನನ್ನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ನಲವತ್ತೊಂದು ವರ್ಷ ವಯಸ್ಸಿನಲ್ಲಿ ಆ ಕೈಗೆ ಯಾರೋ ಮೊದಲ ಸಲ ಶಾಭಾಸ್ ಹೇಳಿದ್ದರು. ನನಗೆ ಆದ ಸಂತೋಷವನ್ನು ನಾನು ಇವತ್ತಿಗೂ ಮುಚ್ಚಿಡಲಾರೆ. ಬಂದವರಿಗೆಲ್ಲ ಫ್ರಿಜ್ಜಿನ ಬಾಗಿಲು ತೆರೆದು ನಿಲ್ಲುವುದು ಅದಕ್ಕೇ.

ಸಂಜೆಯವರೆಗೆ ನಾನು ಹೊಸೆದೆ, ಅಜ್ಜೇರ್ ಹೊಸೆದರು. ಹಮೀದಾಕ ನನ್ನ ಕೈ ನೋಡಿ ನೋಡಿ, ತಮ್ಮ ಕೈಯನ್ನು ತುಳುವಿನಲ್ಲಿ ಬೈದುಕೊಳ್ಳುತ್ತ ಹೊಸೆದರು. ಮೂರೂ ಎಳೆ ಸೇರಿ ಹಗ್ಗವಾಯಿತು. ಸಮಿತಿಯವರು ಆ ವರ್ಷ ಪ್ಲಾಸ್ಟಿಕ್ ತರಿಸಲಿಲ್ಲ. ನಾನು ಮೊದಲು ಹೊಸೆದ ಆ ಮೊಳದುದ್ದದ ತುಂಡನ್ನು ಅಜ್ಜೇರ್ ದೇವರ ಎದುರಿಟ್ಟು ನನಗೆ ಕೊಟ್ಟರು. ಬರುವ ವರ್ಷ ಹಿಂದೆ ತರಬೇಕು ಎಂದರು. ತರುತ್ತೇನೆ ಎಂದೆ.

ಆಮೇಲಿನದ್ದು ನಿಮಗೆ ಗೊತ್ತಿರುವುದೇ. ಒಂದು ವರ್ಷ ಪ್ಲಾಂಟಿನ ಶಟ್‌ಡೌನ್, ಒಂದು ವರ್ಷ ಮಗಳ ಪರೀಕ್ಷೆ, ಮತ್ತೊಂದು ವರ್ಷ ಬರೀ ಸೋಮಾರಿತನ. ಪ್ರತಿ ಡಿಸೆಂಬರಿನಲ್ಲಿ ಅಜ್ಜೇರ್ ಅಳಿಯನನ್ನು "ಆ ಎಡಗೈಯವನು ಬರುತ್ತಾನಾ?" ಎಂದು ಕೇಳುತ್ತಿದ್ದರಂತೆ. ಕಳೆದ ತಿಂಗಳು ಮೊರಿತಾ ಕಂಪ್ರೆಸರಿನ ದುರಸ್ತಿಗೆ ಮತ್ತೆ ಜುಬೈಲಿಗೆ ಬಂದರು. ನಿವೃತ್ತಿಗೆ ಮೊದಲಿನ ಕೊನೆಯ ಪ್ರಯಾಣ. ಅವರ ಕೈಯಲ್ಲೇ ಹಗ್ಗವನ್ನು ಕಳಿಸಿ ಮಾತು ಉಳಿಸಿಕೊಳ್ಳುವ ಉಪಾಯ ನನಗೆ ಹೊಳೆಯಿತು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಐರಿನ್ ಇಡ್ಲಿಯಂಥ ಸಣ್ಣಾ ಮತ್ತು ಕೋಳಿ ಸುಕ್ಕ ಮಾಡಿದಳು. ಹಮೀದಾಕ ಜುಮಾ ನಮಾಜು ಮುಗಿಸಿ ಮನೆಯಿಂದ ಪತ್ತಿರ್ ರೊಟ್ಟಿ ಹಿಡಿದುಕೊಂಡು ಬಂದರು. ಹಗ್ಗ ಕೊಟ್ಟು ಕಳಿಸುತ್ತೇನೆಂದು ಹೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಬೇಸರವಾಗಿರಬೇಕು ಎಂದುಕೊಂಡೆ ನಾನು.

ಊಟವಾದ ಮೇಲೆ ಸ್ಟೂಲು ಹತ್ತಿ ಹಗ್ಗ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಮೊರಿತಾನಿಗೆ ಒಪ್ಪಿಸಿದೆ. ಅವರು ಒಂದು ಸೀನು ಸೀನಿ, ಕನ್ನಡಕ ಸರಿಮಾಡಿ ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಅಳುಕುತ್ತ ಹೇಳಿದರು.

"ಎಂತ ಮಾರಾಯ, ಇದು ಬಲಕ್ಕೆ ಉಂಟಲ್ಲ?"

ನಾನು ನಕ್ಕೆ. ಆಮೇಲೆ ನೋಡಿದೆ. ಬಲಕ್ಕೇ ಇತ್ತು. ಅಷ್ಟು ಮಂದಿಯ ಎದುರು ಬೆರಳು ತೋರಿಸಿ ಎಡ, ಎಡ ಎಂದಿದ್ದೆನಲ್ಲ, ಒಂದು ದಿನವಾದರೂ ನಾನು ತಲೆ ಎತ್ತಿ ನೋಡಿರಲಿಲ್ಲ. ಬಂದವರೂ ಸಭ್ಯರು, ನೋಡಿದರೂ ಹೇಳಿರಲಿಲ್ಲ.

ಐರಿನ್ ಕುರ್ಚಿಯಲ್ಲಿ ಕೂತುಬಿಟ್ಟಳು. "ಎರಡು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಕ್ಲೀನ್ ಮಾಡುವಾಗ ಅದು ಫ್ರಿಜ್ಜಿನ ಹಿಂದೆ ಬಿದ್ದಿತ್ತು. ನಾನು ಕಸದೊಟ್ಟಿಗೆ ಕಟ್ಟಿ ಹಾಕಿದೆ. ಗೊತ್ತಾಗುವಾಗ ಗಾಡಿ ಹೋಗಿ ಆಗಿತ್ತು. ನಿಮಗೆ ಹೇಳಲಿಕ್ಕೆ ಧೈರ್ಯ ಬರಲಿಲ್ಲ, ಹಮೀದಣ್ಣನಿಗೆ ಫೋನ್ ಮಾಡಿ ಅತ್ತೆ" ಎಂದಳು. ಈಗಲೂ ಅವಳ ಕಣ್ಣು ತುಂಬಿತ್ತು.

ಹಮೀದಾಕ ಈ ಸಲ ಕೆಮ್ಮಲಿಲ್ಲ. "ಅವಳು ಹಾಗೆ ಅಳುವಾಗ ಎಂತ ಮಾಡುದು ಹೇಳು? ಇಲ್ಲೇ ಅಲ್ ಅಹ್ಸಾದಲ್ಲಿ ಕೆಂಪಕ್ಕಿ ಬೆಳೀತಾರಲ್ಲ, ಅಲ್ಲಿ ತೋಟದ ಕೆಲಸಕ್ಕೆ ನಮ್ಮ ಊರಿನವ ಒಬ್ಬ ಇದ್ದಾನೆ. ಅವನತ್ರ ಹುಲ್ಲು ತರಿಸಿ ಹೊಸೆದು ತೂಗಿಸಿದೆ. ಎಡಕ್ಕೆ ಹೊಸೆಯಬೇಕು ಅಂತ ನೆನಪಿತ್ತು ಮಾರಾಯ. ಗಡಿಬಿಡಿಯಲ್ಲಿ ಕೈ ಅದರಷ್ಟಕ್ಕೆ ಹೋಯ್ತು."

ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಅಜ್ಜೇರಿಗೆ ಏನು ಹೇಳುವುದು? ಆಗ ಮೊರಿತಾ ಊಟದ ಹೊತ್ತಿನಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದರು. ನೆರೆಮನೆಯ ಆ ಗಂಡ-ಹೆಂಡತಿ ಮಗನ ಪಟ್ಟಣಕ್ಕೆ ಹೋಗಿ ನೆಲೆಸಿದ್ದಾರೆ. ಹುಲ್ಲು ಹೊಸೆಯುವವರು ಈಗ ಅಜ್ಜೇರ್ ಒಬ್ಬರೇ. ಸಮಿತಿಯವರು ಡಿಸೆಂಬರ್ ನಡುವಿನವರೆಗೆ ಗಡುವು ಕೊಟ್ಟಿದ್ದಾರೆ. ಹುಲ್ಲಿನ ಹಗ್ಗ ಆಗದಿದ್ದರೆ ಪ್ಲಾಸ್ಟಿಕ್ಕೇ ಗತಿ.

ಇಲ್ಲಿ ಎರಡು ಗಂಟೆ, ಅಲ್ಲಿ ರಾತ್ರಿ ಎಂಟು. ಮೊರಿತಾ ವೀಡಿಯೋ ಕಾಲ್ ಮಾಡಿದರು. ಪರದೆಯಲ್ಲಿ ಅಜ್ಜೇರಿನ ಹಣೆ ಮಾತ್ರ ಕಂಡಿತು. ಆ ಹಣೆಗೇ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಹಗ್ಗ ಕಸಕ್ಕೆ ಹೋದದ್ದು, ಹಮೀದಾಕ ಬಲಕ್ಕೆ ಹೊಸೆದದ್ದು, ನಾನು ಎರಡು ವರ್ಷ ನೋಡದೇ ಭಾಷಣ ಬಿಗಿದದ್ದು, ಒಂದನ್ನೂ ಬಿಡಲಿಲ್ಲ. ಮೊರಿತಾ ಅನುವಾದಿಸುತ್ತ ಹೋದ ಹಾಗೆ ಹಣೆ ಅಲುಗಾಡತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ಫೋನು ಕೆಳಗಿಳಿದಾಗ ನೋಡಿದರೆ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾರೆ. ನಗು ನಿಂತ ಮೇಲೆ ನಾಲ್ಕು ಮಾತು ಹೇಳಿದರು. ಮೊರಿತಾ ನನ್ನ ಮುಖ ನೋಡದೆ ಅದನ್ನು ಅನುವಾದಿಸಿದರು.

"ಹೋದ ಹಗ್ಗ ಹೋಗಲಿ ಅಂತ ಹೇಳ್ತಾರೆ. ಬಲಕ್ಕೆ ಹೊಸೆದದ್ದು ಮನೆಯ ಹಗ್ಗ, ಮನೆಯಲ್ಲೇ ಇರಲಿ. ಹುಲ್ಲು ಅವರ ಹತ್ತಿರ ಕೊಟ್ಟಿಗೆ ತುಂಬ ಉಂಟು. ಎಡಗೈ ಇಲ್ಲ. ಅದನ್ನು ತರಲಿಕ್ಕೆ ಹೇಳಿದ್ದಾರೆ."

ಡಿಸೆಂಬರಿನ ರಜೆಗೆ ಊರಿಗೆ ಹೋಗುವುದೆಂದು ನಾವು ನಿಶ್ಚಯಿಸಿದ್ದೆವು. ಐರಿನ್ ಬಟ್ಟಲುಗಳನ್ನು ಎತ್ತುತ್ತ, "ನಾನೂ ಮಗಳೂ ಮುಂಚೆ ಹೋಗ್ತೇವೆ, ನೀವು ಅಲ್ಲಿ ಮುಗಿಸಿ ಕ್ರಿಸ್ಮಸ್ಸಿಗೆ ಬನ್ನಿ" ಎಂದಳು. ಹಮೀದಾಕ "ಎಳೆ ಮೂರು ಬೇಕಲ್ಲ, ನಾನೂ ಬರ್ತೇನೆ. ಈ ಸಲ ಕಾಲು ತೊಳೆಯುದಾದ್ರೆ ಬದಿಯಲ್ಲೇ ತೊಳೀತೇನೆ" ಎಂದರು. ಬಲಕ್ಕೆ ಹೊಸೆದ ಹಗ್ಗ ಮತ್ತೆ ಆಣಿಗೇರಿತು. ಅದಕ್ಕೀಗ ಐರಿನ್ ಬೆಳ್ಳುಳ್ಳಿ ಗೊಂಚಲು ಕಟ್ಟಿದ್ದಾಳೆ. ಮನೆಯ ಹಗ್ಗ ತಾನೆ.

ಮೊನ್ನೆ ರಜೆಯ ಅರ್ಜಿ ಹಿಡಿದು ಅಬೂ ಫಹದರ ಮೇಜಿನೆದುರು ನಿಂತೆ. ಎಂದಿನಂತೆ ಮರೆತು ಎಡಗೈಯಲ್ಲಿ ಚಾಚಿದೆ. ಎಂದಿನಂತೆ ಅವರ ಕೈ ಮೇಜಿನ ಮೇಲೆಯೇ ಉಳಿಯಿತು. "ಯಮೀನ್, ಯಾ ವಾಲಿ." ಬಲಗೈಗೆ ಬದಲಿಸಿ ಕೊಟ್ಟೆ. ಅವರು ಓದಿದರು. "ಜಪಾನ್? ಟ್ರೈನಿಂಗ್ ಮುಗಿದು ನಾಲ್ಕು ವರ್ಷ ಆಯಿತಲ್ಲ, ಈಗ ಏನು ಕೆಲಸ?"

ಒಬ್ಬ ಮುದುಕರಿಗೆ ಹುಲ್ಲಿನ ಹಗ್ಗ ಹೊಸೆದು ಕೊಡಬೇಕು, ಆ ಹಗ್ಗ ಎಡಕ್ಕೇ ಹೊಸೆಯಬೇಕು, ಊರಿನಲ್ಲಿ ಅವರನ್ನು ಬಿಟ್ಟರೆ ಅದನ್ನು ಬಲ್ಲವರಿಲ್ಲ, ಅದಕ್ಕೆ ನನ್ನ ಈ ಕೈಗೆ ಕರೆ ಬಂದಿದೆ ಎಂದು ನನ್ನ ಹರಕು ಅರಬಿಯಲ್ಲಿ ಹೇಳಿದೆ. ಅಬೂ ಫಹದ್ ನನ್ನ ಮುಖ ನೋಡಿದರು, ಕೈ ನೋಡಿದರು. ಮತ್ತೆ ಆ ಅರ್ಜಿಯನ್ನು ನನಗೇ ಹಿಂದಿರುಗಿಸಿದರು. ರಜೆ ಸಿಗಲಿಲ್ಲ ಎಂದುಕೊಂಡೆ.

"ಹಾಗಾದರೆ ಅದರಲ್ಲೇ ಕೊಡು" ಎಂದು ಅವರು ಅಂಗೈ ಚಾಚಿದರು.

ಎಡಗೈಯಲ್ಲಿ ಕೊಟ್ಟೆ. ತೆಗೆದುಕೊಂಡು ಸಹಿ ಹಾಕಿದರು.